ಪದ್ಮಯ್ಯನವರು ಬರೆದುಕೊಳ್ಳದೆ ಬಿಟ್ಟದ್ದು

ಎಲ್ಲ ರಗಳೆಗೂ ಮೂಲ ಒಂದು ಪೋಸ್ಟ್ ಕಾರ್ಡು. ಬರೆದವನು ಹಾಸನದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ ನಾಗಕುಮಾರ. ತಲುಪಿದ್ದು ಹಿರೀಸಾವೆಯಲ್ಲಿ ಬಸ್ಸು ನಿಲ್ಲುವ ಕಡೆ ಕಾಫಿ ಕ್ಲಬ್ಬು ಇಟ್ಟಿದ್ದ ಅವನ ಭಾವ ಪದ್ಮಯ್ಯನವರಿಗೆ. ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ, ಒಂದು ಗುರುವಾರ. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಅಂಚೆಯವನು ಕಾರ್ಡನ್ನು ಮೇಜಿನ ಮೇಲೆ ಎಸೆದು ಹೋದ.

‘ಭಾವನವರಿಗೆ ನಮಸ್ಕಾರಗಳು. ಟೀ ಕಂಪನಿಯ ವ್ಯಾನು ಗುರುವಾರ ನಿಮ್ಮೂರಿಗೆ ಬರುತ್ತದೆ. ಪುಕ್ಕಟೆ ಬಯಸ್ಕೋಪು ತೋರಿಸಿ ಪುಕ್ಕಟೆ ಟೀ ಕುಡಿಸುತ್ತಾರೆ. ಹೊಳೆನರಸೀಪುರದಲ್ಲಿ ಹೀಗೆ ತೋರಿಸಿ ಹೋದ ಮೇಲೆ ಎರಡು ಕಾಫಿ ಕ್ಲಬ್ಬಿನ ಒಲೆ ಆರಿತು. ನೀವು ಬಾಯಿ ಬಿಟ್ಟುಕೊಂಡು ನೋಡಬೇಡಿ. ನಮ್ಮ ವಕೀಲರು ಎದುರು ಪಕ್ಷದ ಸಾಕ್ಷಿಯ ಒಂದೊಂದು ಮಾತನ್ನೂ ಬರೆದುಕೊಂಡು ಆಮೇಲೆ ಅದರಿಂದಲೇ ಅವನನ್ನು ಕೆಡವುತ್ತಾರೆ. ನೀವೂ ಬರೆದುಕೊಂಡು ನೋಡಿ. ಜನರನ್ನು ಒಲಿಸಿಕೊಳ್ಳುವ ಕೈಚಳಕವೆಲ್ಲ ಸಿಕ್ಕಿಬೀಳುತ್ತದೆ.’

ಪದ್ಮಯ್ಯನವರು ಕಾರ್ಡನ್ನು ಎರಡು ಸಲ ಓದಿದರು. ಹದಿನಾಲ್ಕು ವರ್ಷದಿಂದ ಹೊಟ್ಟೆಪಾಡು ನಡೆದದ್ದು ಆ ಒಂದು ಒಲೆಯಿಂದ. ಬೀಜ ಹುರಿದು ಪುಡಿ ಮಾಡುತ್ತಿದ್ದದ್ದು ಅವರ ಹೆಂಡತಿ ಜ್ವಾಲಾಮಾಲಿನಿ. ಊರು ಟೀಗೆ ತಿರುಗಿದರೆ ಇಬ್ಬರೂ ಎದುರುಬದುರು ಕೂತು ನೊಣ ಹೊಡೆಯಬೇಕಾಗಿತ್ತು.

“ನಾನು ಇವತ್ತು ಚಿತ್ರ ನೋಡೋಕೆ ಹೋಗ್ತೀನಿ,” ಎಂದರು.

“ಹಾಲು ಉಕ್ಕಿದ್ದನ್ನೇ ನೋಡಲಿಲ್ಲ, ಚಿತ್ರ ಏನು ನೋಡ್ತೀರಿ?” ಎಂದು ಜ್ವಾಲಾಮಾಲಿನಿ ಪಾತ್ರೆ ಇಳಿಸಿದರು.

ಮಧ್ಯಾಹ್ನಕ್ಕೆ ವ್ಯಾನು ಬಂತು. ಬಂದ ಮೇಲೆ ಒಂದು ಪೇಚು. ಚಿತ್ರಕ್ಕೆ ಕತ್ತಲೆ ಬೇಕು. ಆ ಬೀದಿಯ ಅರ್ಧಕ್ಕರ್ಧ ಮನೆಗಳು ಜೈನರವು, ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಬಿಡದವರು. ಕತ್ತಲಲ್ಲಿ ಚಿತ್ರ ತೋರಿಸಿದರೆ ಟೀ ಕುಡಿಯುವವರಿಲ್ಲ. ಬೆಳಕಲ್ಲಿ ಟೀ ಕೊಟ್ಟರೆ ಚಿತ್ರ ಕಾಣುವುದಿಲ್ಲ. ಕೊನೆಗೆ ದಾರಿ ಹೇಳಿದವನು ಕೊಬ್ಬರಿ ವ್ಯಾಪಾರದ ಈಶ್ವರಯ್ಯ. ತನ್ನ ಕೊಬ್ಬರಿ ಗೋಡೌನಿನ ಕಿಟಕಿಗಳಿಗೆ ಗೋಣಿಚೀಲ ಹೊಡೆಸಿ, ಹಾಡುಹಗಲಲ್ಲೇ ಅಮಾವಾಸ್ಯೆ ಮಾಡಿಕೊಟ್ಟ. ಟೀ ಪೊಟ್ಟಣದ ಏಜೆನ್ಸಿ ಅವನಿಗೇ ಎಂದು ವ್ಯಾನಿನಲ್ಲಿ ಬಂದ ಟೀ ಆಫೀಸರು ಆಗಲೇ ಮಾತು ಕೊಟ್ಟಿದ್ದರಂತೆ.

ಪದ್ಮಯ್ಯನವರು ಹಾಲಿನ ಲೆಕ್ಕದ ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಬಿಳಿ ಷರಾಯಿಯ ಆಫೀಸರು ಪರದೆಯ ಪಕ್ಕ ನಿಂತು ಕೈಮುಗಿದರು.

“ಮಹಾಜನರೇ, ಇದು ನಾಟಕ ಅಲ್ಲ, ರಾಜ ರಾಣಿ ಕತೆ ಅಲ್ಲ. ಇದ್ದದ್ದನ್ನ ಇದ್ದ ಹಾಗೆ ತೋರಿಸೋ ಚಿತ್ರ. ಸುಳ್ಳು ಒಂದು ಎಳ್ಳಿನಷ್ಟೂ ಇಲ್ಲ.”

ಅದನ್ನೇ ಮೊದಲು ಬರೆದುಕೊಳ್ಳೋಣವೆಂದು ಪದ್ಮಯ್ಯನವರು ಒತ್ತಿದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಪಕ್ಕದಲ್ಲಿದ್ದ ಈಶ್ವರಯ್ಯ ಕಿವಿಯ ಮೇಲಿಂದ ತನ್ನ ಪೆನ್ಸಿಲು ತೆಗೆದುಕೊಟ್ಟ. “ತಗಳ್ಳಿ ಪದ್ಮಯ್ನೋರೇ, ಚೀಲದ ಮೇಲೆ ನಂಬರ್ ಹಾಕೋದು ಇದು. ಆಗಾಗ ನಾಲ್ಗೆಗೆ ಮುಟ್ಟಿಸ್ಬೇಕು, ಅಷ್ಟೇ.” ಅದು ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಇಂಕ್ ಪೆನ್ಸಿಲು ಎಂಬುದನ್ನು ಅವನು ಹೇಳಲಿಲ್ಲ. ಹೇಳಬಾರದೆಂದೇನೂ ಅಲ್ಲ, ಅಷ್ಟರಲ್ಲಿ ಚಿತ್ರ ಶುರುವಾಗಿತ್ತು.

ಪರದೆಯ ಮೇಲೆ ಒಬ್ಬ ರೈತ ತಲೆ ಮೇಲೆ ಕೈಹೊತ್ತು ಕೂತಿದ್ದ. ಎತ್ತುಗಳೂ ಅವನಷ್ಟೇ ಬೇಸರದಲ್ಲಿದ್ದವು. ಹೆಂಡತಿ ಟೀ ತಂದುಕೊಟ್ಟಳು, ಪಿಟೀಲು ಮೊಳಗಿತು, ರೈತ ಎದ್ದು ಎತ್ತುಗಳನ್ನೂ ಮೀರಿಸಿ ಓಡಿದ. ಗೋಡೌನಿನಲ್ಲಿ ಚಪ್ಪಾಳೆ ಬಿತ್ತು. ಪದ್ಮಯ್ಯನವರು ಮಾತ್ರ ಹುಬ್ಬು ಗಂಟಿಕ್ಕಿ, ನಾಲಗೆಗೆ ಪೆನ್ಸಿಲು ಮುಟ್ಟಿಸಿ, ಕತ್ತಲಲ್ಲೇ ಗೀಚಿದರು. ‘ಒಂದು. ಕುಡಿಯುವ ಮುಂಚೆ ಮಬ್ಬು, ಕುಡಿದ ಮೇಲೆ ಬೆಳಕು. ಬೆಳಕು ಟೀಯದಲ್ಲ, ದೀಪದ್ದು. ಎರಡು. ಪಿಟೀಲು ಟೀ ಬಂದಾಗ ಮಾತ್ರ.’

ಹಿಂದಿನಿಂದ ಯಾರೋ ಭುಜ ತಿವಿದರು. ಕಡ್ಲೆಪುರಿ ಮಾರುವ ನಂಜಮ್ಮ. “ಏನ್ ಸಾಮಿ ಬರ್ಕತಾ ಇದ್ದೀರಿ?”

“ಏನಿಲ್ಲ, ಸುಮ್ನಿರು.”

“ಏನಿಲ್ದೆ ಯಾರಾದ್ರೂ ಬರ್ಕತಾರಾ? ಟೀ ಕೊಡಾಕೆ ಎಸ್ರು ತಾನೆ? ನಂದೂ ಬರ್ಕಳಿ. ನಂಜಮ್ಮ, ಎರಡು ಲೋಟ.”

“ಅಯ್ಯೋ, ಹೆಸರಲ್ಲಮ್ಮ ಇದು!”

“ಶ್ರೀಮಂತ್ರ ಎಸ್ರೇ ಬರೀತೀರೇನು? ಬಡವ್ರ ಬಾಯಿ ಬಾಯಲ್ವಾ?”

ಸುತ್ತಲಿನವರು ತಿರುಗಿ ನೋಡಿದರು. ಮಾತು ನಿಲ್ಲಲಿ ಎಂದು ಪದ್ಮಯ್ಯನವರು ‘ನಂಜಮ್ಮ, ಎರಡು ಲೋಟ’ ಎಂದು ಬರೆದೇಬಿಟ್ಟರು. ಅಲ್ಲಿಗೆ ಕೆಟ್ಟಿತು. ಕತ್ತಲಲ್ಲಿ ನಾಲ್ಕೂ ಕಡೆಯಿಂದ ಹೆಸರುಗಳು ಬಂದು ಬಿದ್ದವು. ಮಾದಮ್ಮ ಒಂದು ಲೋಟ, ಬಸವರಾಜು ಮೂರು, ಬೆಲ್ಲ ಜಾಸ್ತಿ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಿವಿ ಹಿಂದಕ್ಕೆ, ನಾಲಗೆ ಪೆನ್ಸಿಲಿನ ಮೇಲೆ ಇಟ್ಟುಕೊಂಡು ಅವರು ಎಲ್ಲವನ್ನೂ ಬರೆದರು.

ಪರದೆಯ ಮೇಲೆ ಈಗ ಗುಮಾಸ್ತನೊಬ್ಬ ಕಾಗದಗಳ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಟೀ ಬಂತು, ಪಿಟೀಲು ಬಂತು, ಗುಮಾಸ್ತ ಎದ್ದು ಮುಗುಳ್ನಕ್ಕ. ಪದ್ಮಯ್ಯನವರಿಗೆ ಆ ಮೂಗಿನ ಪಕ್ಕದ ನರಹುಲಿ ಎಲ್ಲೋ ನೋಡಿದ ಹಾಗೆ ಅನ್ನಿಸಿತು. ಮುಂದೆ ಬಸ್ಸು ಓಡಿಸುವವನು ಬಂದ. ಅವನಿಗೆ ಗಡ್ಡ ಬೇರೆ, ಟೋಪಿ ಬೇರೆ, ನರಹುಲಿ ಮಾತ್ರ ಅದೇ. ‘ಮೂರು. ರೈತ, ಗುಮಾಸ್ತ, ಡ್ರೈವರು ಮೂವರಿಗೂ ಒಂದೇ ನರಹುಲಿ’ ಎಂದು ಬರೆದು ಎರಡು ಗೆರೆ ಎಳೆದರು. ಕಾಫಿ ಕುಡಿದವನು ಚಿತ್ರದಲ್ಲೆಲ್ಲ ಒಬ್ಬನೇ, ಅವನಿಗೆ ಕೆಮ್ಮು, ಅದು ನಾಲ್ಕು. ಇಷ್ಟೂ ಹೊತ್ತು ಚಿತ್ರದೊಳಗಿಂದ ಟೀಯನ್ನು ಹೊಗಳಿ ಮಾತಾಡಿದವನು ಮುಖವನ್ನೇ ತೋರಿಸಲಿಲ್ಲ, ಅದು ಐದು.

ಚಿತ್ರ ಮುಗಿದು ಗೋಣಿಚೀಲ ಸರಿಸಿದರು. ಬಾಗಿಲ ಹತ್ತಿರ ದೊಡ್ಡ ಹಂಡೆಯಲ್ಲಿ ಟೀ ಹಬೆಯಾಡುತ್ತಿತ್ತು. ಜನ ಏಳುವ ಮುಂಚೆಯೇ ಪದ್ಮಯ್ಯನವರು ಪರದೆಯ ಮುಂದೆ ಹೋಗಿ ನಿಂತರು. “ಯಾರೂ ಟೀ ಮುಟ್ಟಬೇಡಿ! ನಾನು ಹೇಳೋದನ್ನ ಕೇಳಿ!”

ಜನ ಕೇಳಲಿಲ್ಲ, ನೋಡಿದರು. ಒಬ್ಬ ಕಿಸಕ್ಕೆಂದ. ನಂಜಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ಸಾಮಿ, ಬಾಯ್ಗೇನಾಯ್ತು? ನೇರಳೆಅಣ್ಣು ತಿಂದಂಗದೆ!”

ಪದ್ಮಯ್ಯನವರು ಬೆರಳಲ್ಲಿ ತುಟಿ ಒರೆಸಿಕೊಂಡರು. ಬೆರಳೂ ನೇರಳೆಯಾಯಿತು. ಈಶ್ವರಯ್ಯ ಮೇಲಿನ ತೊಲೆ ನೋಡುತ್ತಾ ನಿಂತ. ಆದರೂ ಬಿಡದೆ ಪದ್ಮಯ್ಯನವರು ಪುಸ್ತಕ ಎತ್ತಿ ಓದಿದರು. “ಕುಡಿಯೋ ಮುಂಚೆ ಮಬ್ಬು, ಕುಡಿದ ಮೇಲೆ ಬೆಳಕು. ಪಿಟೀಲು ಟೀ ಬಂದಾಗ ಮಾತ್ರ. ನಂಜಮ್ಮ ಎರಡು ಲೋಟ...”

“ನಂದು ಬರ್ದವ್ರೆ!” ಎಂದು ನಂಜಮ್ಮ ಎದ್ದು ನಿಂತಳು. ಗೋಡೌನು ಬಿದ್ದು ಬಿದ್ದು ನಕ್ಕಿತು.

ನಗುವನ್ನು ನಿಲ್ಲಿಸಿದ್ದು ನರಹುಲಿ. ಮೂವರೂ ಒಬ್ಬನೇ ಎಂದು ಪದ್ಮಯ್ಯನವರು ಹೇಳಿದಾಗ ಜನ ಗುಸುಗುಸು ಮಾಡಿದರು. ಮತ್ತೆ ತೋರಿಸಿ ಎಂದು ಹಿಂದಿನಿಂದ ಕೂಗು ಬಂತು. ಆಫೀಸರು ಒಂದಿಷ್ಟೂ ಮುಖ ಸಿಂಡರಿಸದೆ ಮತ್ತೆ ಚೀಲ ಎಳೆಸಿ ಚಿತ್ರ ಬಿಡಿಸಿದರು. ನರಹುಲಿ ಉತ್ತಿತು, ನರಹುಲಿ ಲೆಕ್ಕ ಬರೆಯಿತು, ನರಹುಲಿ ಬಸ್ಸು ಓಡಿಸಿತು. ಪ್ರತಿ ಸಲವೂ ಊರಿಗೆ ಊರೇ “ಅಗೋ!” ಎಂದಿತು. ಬೆಳಕಾದ ಮೇಲೆ ಎಲ್ಲರೂ ಪದ್ಮಯ್ಯನವರ ಕಡೆ ನೋಡಿದ ನೋಟವೇ ಬೇರೆ. ಹದಿನಾಲ್ಕು ವರ್ಷ ಕಾಫಿ ಕೊಟ್ಟರೂ ಅವರಿಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

“ಸ್ವಾಮಿ, ಒಪ್ಪಿದೆ,” ಎಂದರು ಆಫೀಸರು. “ನಮ್ಮ ಚಿತ್ರವನ್ನ ಇಷ್ಟು ಸೂಕ್ಷ್ಮವಾಗಿ ಯಾರೂ ನೋಡಿರಲಿಲ್ಲ. ಒಂದು ಮಾತು ಕೇಳ್ಲಾ? ಹಾಗಾದರೆ ಜನ ಎಂಥವನ ಮಾತು ನಂಬಬೇಕು?”

ಪದ್ಮಯ್ಯನವರು ಹುರುಪಿನಲ್ಲಿದ್ದರು. “ಬಹಳ ಸುಲಭ. ಅವನು ಕಣ್ಣೆದುರಿಗೆ ಇರಬೇಕು. ಊರೋರಿಗೆ ಗೊತ್ತಿರಬೇಕು. ಆ ಮಾತು ಹೇಳೋದ್ರಿಂದ ಅವನಿಗೆ ಲಾಭ ಇರಬಾರದು. ನಷ್ಟ ಆಗೋ ಹಾಗಿದ್ರೆ ಕಣ್ಣು ಮುಚ್ಚಿಕೊಂಡು ನಂಬಬಹುದು.”

“ಕೇಳಿಸ್ಕೊಂಡ್ರಾ?” ಎಂದು ಆಫೀಸರು ಜನರನ್ನು ಕೇಳಿದರು. ಜನ ಕೇಳಿಸಿಕೊಂಡಿದ್ದರು.

ಅಷ್ಟು ಮಾತಾಡಿದ್ದಕ್ಕೋ, ಕೊಬ್ಬರಿಯ ಧೂಳಿಗೋ, ಪದ್ಮಯ್ಯನವರಿಗೆ ಕೆಮ್ಮು ಒತ್ತಿ ಬಂತು. ಕಣ್ಣಲ್ಲಿ ನೀರು ತುಂಬಿತು. ಯಾರೋ ಕೈಗೆ ಲೋಟ ಕೊಟ್ಟರು, ಬೆನ್ನು ತಟ್ಟಿದರು. ಗಟಗಟನೆ ಕುಡಿದರು. ಅರ್ಧ ಲೋಟ ಇಳಿದ ಮೇಲೆ ಅದು ನೀರಲ್ಲವೆಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಗೋಡೌನಿನವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು.

“ಕುಡುದ್ಬುಟ್ರು!” ಎಂದಳು ನಂಜಮ್ಮ. “ಎಂಗದೆ ಸಾಮಿ?”

ಇಲ್ಲೇ ಅವರು ಸಿಕ್ಕಿಬಿದ್ದದ್ದು. ಬೇರೆ ಯಾರಾದರೂ ಆಗಿದ್ದರೆ ‘ಥೂ’ ಎಂದು ಉಗಿದು ಮನೆಗೆ ಹೋಗುತ್ತಿದ್ದರು. ಪದ್ಮಯ್ಯನವರು ಬೆಳಗೊಳದಲ್ಲಿ ಸ್ವಾಮಿಗಳ ಎದುರಿಗೆ ಸುಳ್ಳಾಡುವುದಿಲ್ಲವೆಂದು ವ್ರತ ಹಿಡಿದವರು, ಅದು ಊರಿಗೆಲ್ಲ ಗೊತ್ತಿತ್ತು. ಟೀ ಚೆನ್ನಾಗಿತ್ತು. ಒಣಶುಂಠಿ ಹಾಕಿದ್ದರು, ಹದವಾಗಿ ಬೆಲ್ಲ ಇತ್ತು. ಪಾಪ, ಅವರು ಒಂದು ಸಲ ಬಾಗಿಲು ನೋಡಿದರು, ಒಂದು ಸಲ ಲೋಟ ನೋಡಿದರು.

“ಚೆನ್ನಾಗಿದೆ,” ಎಂದರು, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

ಎಲ್ಲರಿಗೂ ಕೇಳಿಸಿತು. ಹಂಡೆ ಖಾಲಿಯಾಗಲು ಕಾಲು ಗಂಟೆಯೂ ಬೇಕಾಗಲಿಲ್ಲ. ಆಮೇಲೆ ವ್ಯಾನು ಬೀದಿ ಬೀದಿಯಲ್ಲಿ ಕೂಗುತ್ತಾ ಹೊರಟಿತು. “ಚಿತ್ರ ನಂಬಬೇಡಿ! ನಮ್ಮನ್ನ ನಂಬಬೇಡಿ! ಕಾಫಿ ಕ್ಲಬ್ಬಿನ ಪದ್ಮಯ್ಯನವರು ಊರೆದುರಿಗೆ ಟೀ ಕುಡಿದರು. ಚೆನ್ನಾಗಿದೆ ಅಂದರು. ಅವರಿಗೆ ಇದರಿಂದ ಬಿಡಿಗಾಸಿನ ಲಾಭವೂ ಇಲ್ಲ!”

ಪದ್ಮಯ್ಯನವರು ಪುಸ್ತಕ ಬಿಚ್ಚಿ, ಪೆನ್ಸಿಲು ಹಿಡಿದು, ಅದರ ಹಿಂದೆಯೇ ಸ್ವಲ್ಪ ದೂರ ನಡೆದರು. ಒಂದು ಸುಳ್ಳು ಸಿಕ್ಕರೆ ಬರೆದುಕೊಳ್ಳೋಣವೆಂದು. ಒಂದೂ ಸಿಗಲಿಲ್ಲ. ಕಂಪನಿಯವರು ಆ ದಿನ ಆಡಿದ ಮಾತುಗಳಲ್ಲಿ ನೂರಕ್ಕೆ ನೂರು ಸತ್ಯವಾದದ್ದು ಅದೊಂದೇ.

ಮನೆ ಸೇರಿದಾಗ ಹೊತ್ತು ಇನ್ನೂ ಒಂದಿಷ್ಟು ಇತ್ತು. ಬೆಂಚುಗಳ ಮೇಲೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಆರು ಟೀ ಪೊಟ್ಟಣಗಳು ಸಾಲಾಗಿ ಕೂತಿದ್ದವು.

“ಇದೇನೇ?” ಎಂದರು ಪದ್ಮಯ್ಯನವರು. ಬೆಂಚಿನ ಮೇಲೆ ಕೂತರು.

“ಆ ಆಫೀಸರು ಕೊಟ್ಟುಹೋದರು. ಒಳ್ಳೇ ಮನುಷ್ಯ, ಪಾಪ,” ಎಂದರು ಜ್ವಾಲಾಮಾಲಿನಿ. “ಹಿತ್ತಲ ಬಾಗಿಲಿಗೆ ಬಂದು, ತಾಯಿ ಒಂದು ಲೋಟ ಕಾಫಿ ಸಿಕ್ಕುತ್ತಾ ಅಂದರು. ಅವರಿಗೆ ಟೀ ಕಂಡರೆ ಆಗೋದೇ ಇಲ್ಲವಂತೆ, ಕುಡಿದರೆ ಹೊಟ್ಟೆ ತೊಳಸುತ್ತಂತೆ. ಊರಿಂದೂರಿಗೆ ಹೋಗಿ ಕಾಫಿ ಹುಡುಕಿಕೊಂಡು ಕುಡೀತಾರಂತೆ. ನಮ್ಮ ಕಾಫಿ ಮೂರು ಲೋಟ ಕುಡಿದರು, ಇಂಥಾ ಕಾಫಿ ಈ ಜಿಲ್ಲೇಲೇ ಇಲ್ಲ ಅಂದರು.”

ಪದ್ಮಯ್ಯನವರು ಎದ್ದು ನಿಂತರು. ಬೆಳಕು, ಪಿಟೀಲು, ನರಹುಲಿ ಎಲ್ಲವನ್ನೂ ಬರೆದುಕೊಂಡಿದ್ದರು. ಪರದೆಯ ಪಕ್ಕದಲ್ಲೇ ನಿಂತಿದ್ದ ಮನುಷ್ಯ ಒಂದು ಗುಟುಕು ಟೀಯನ್ನೂ ಬಾಯಿಗಿಟ್ಟಿರಲಿಲ್ಲ ಎಂಬುದೊಂದನ್ನು ಬಿಟ್ಟು. ಮೈಯೆಲ್ಲ ಉರಿಯಿತು, ಜೊತೆಗೇ ಜೀವ ಬಂದ ಹಾಗೂ ಆಯಿತು. ಬೀದಿಗೆ ಓಡಿದರು. ವ್ಯಾನು ಚನ್ನರಾಯಪಟ್ಟಣದ ದಾರಿ ಹಿಡಿದು ಆಗಲೇ ಮರೆಯಾಗಿತ್ತು. ಈಶ್ವರಯ್ಯನ ಅಂಗಡಿ ಮುಂದೆ ಟೀ ಪೊಟ್ಟಣಕ್ಕೆ ಜನ ಮುತ್ತಿದ್ದರು.

“ಕೇಳ್ರಪ್ಪಾ!” ಎಂದು ಕೂಗಿದರು ಪದ್ಮಯ್ಯನವರು. “ಆ ಆಫೀಸರು ಟೀ ಕುಡಿಯೋದೇ ಇಲ್ಲ! ಈಗ ತಾನೇ ನಮ್ಮ ಮನೆ ಹಿತ್ತಲಲ್ಲಿ ಮೂರು ಲೋಟ ಕಾಫಿ ಕುಡಿದು ಹೋದ. ಇಂಥಾ ಕಾಫಿ ಜಿಲ್ಲೇಲೇ ಇಲ್ಲ ಅಂದ!”

ಜನ ತಿರುಗಿದರು. ಅವರ ಮುಖ ನೋಡಿದರು, ನೇರಳೆ ತುಟಿ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ನಂಜಮ್ಮ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ ಹತ್ತಿರ ಬಂದಳು. ಅವಳಿಗೆ ನಿಜವಾಗಿಯೂ ಅವರ ಮೇಲೆ ಕನಿಕರ ಬಂದಿತ್ತು.

“ಇರ್ಬೌದು ಸಾಮಿ,” ಎಂದಳು. “ಆದ್ರೆ ಅಂಗೇಳದ್ರಿಂದ ನಿಮ್ಗೇ ಲಾಭ ಅಲ್ವಾ? ಅಂಥೋರ್ ಮಾತು ನಂಬ್ಬ್ಯಾಡಿ ಅಂತ ನೀವೇ ಏಳ್ಕೊಟ್ರಲ್ಲ.”