ಇಲ್ಲ ಅನ್ನದ ಗಾಡಿ

ನಮ್ಮ ಕಡೆ 'ಇಲ್ಲ' ಅನ್ನುವ ಮಾತಿಗೆ ಒಂದು ಬಗೆಯ ಮೈಲಿಗೆ ಇದೆ. ಮನೆಯಲ್ಲಿ ಅಕ್ಕಿ ತೀರಿದರೆ ಹೆಂಗಸರು 'ಅಕ್ಕಿ ಇಲ್ಲ' ಅನ್ನುವುದಿಲ್ಲ, 'ಅಕ್ಕಿ ತುಂಬೇತಿ' ಅನ್ನುತ್ತಾರೆ. ಬಳೆ ಒಡೆದರೆ 'ಹೆಚ್ಚಾತು'. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಹೊರಟವರು 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅಂತ ಹೇಳಿ ಹೋಗೇಬಿಡುತ್ತಾರೆ. ಇಂಥ ಜನರ ನಡುವೆ ಹುಟ್ಟಿ ಬೆಳೆದವನು ನಾನು. ಮನೆ ಮುಂದೆ ಒಂದು ಪಿಕಪ್ ಗಾಡಿ ನಿಲ್ಲಿಸಿಕೊಂಡು, ಕೇಳಲು ಬಂದವರಿಗೆ 'ಇಲ್ಲ, ಕೊಡುವುದಿಲ್ಲ' ಅಂತ ಯಾವ ಬಾಯಿಂದ ಹೇಳಲಿ? ಹಾಗಂತ ಕೊಟ್ಟರೆ ಅದು ಸೊಟ್ಟ ಬಂಪರಿನೊಂದಿಗೆ, ಖಾಲಿ ಟ್ಯಾಂಕಿನೊಂದಿಗೆ ಮನೆಗೆ ಬರುತ್ತದೆ. ಗಾಡಿ ಕೈತಪ್ಪಬಾರದು, ಬಾಯಲ್ಲಿ 'ಇಲ್ಲ' ಬರಬಾರದು. ಇವೆರಡನ್ನೂ ಎಷ್ಟೋ ವರ್ಷ ಒಟ್ಟಿಗೆ ಕಾಪಾಡಿಕೊಂಡು ಬಂದವನಿಗೆ ಎಷ್ಟು ಬುದ್ಧಿ ಇದ್ದಿರಬೇಕು ಅಂತ ನೀವೇ ಅಂದಾಜು ಮಾಡಿ. ನಾನೇ ಹೇಳಿದರೆ ಜಂಬ ಅಂತೀರಿ. ಹೇಳಿಯೇ ಹೇಳುತ್ತೇನೆ, ಅದು ಬೇರೆ ಮಾತು.

ನಾನು ಕೂಡ್ಲಿಗಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದ ಕಾಲ ಅದು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಪಿಕಪ್ ಒಂದನ್ನು ಕೊಂಡಿದ್ದೆ. ಮುಂದೆ ಉದ್ದ ಮೂಗು, ಹಿಂದೆ ತೆರೆದ ತೊಟ್ಟಿ. ಅದಕ್ಕೆ ಕೀಲಿಕೈ ಇರಲಿಲ್ಲ. ಸ್ವಿಚ್ ಹಾಕಿ, ಮೂತಿಗೆ ಹ್ಯಾಂಡ್ಲು ಚುಚ್ಚಿ ತಿರುಗಿಸಬೇಕು. ಯಾರು ಬೇಕಾದರೂ ತಿರುಗಿಸಬಹುದಿತ್ತು, ಆದರೆ ಗಾಡಿ ನನ್ನ ಮಾತು ಮಾತ್ರ ಕೇಳುತ್ತಿತ್ತು. ಅದರ ಗುಟ್ಟು ಪಾಯಿಂಟಿನಲ್ಲಿತ್ತು.

ಪಾಯಿಂಟ್ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬಾನೆಟ್ ಎತ್ತಿದರೆ ಕರೀ ಮುಚ್ಚಳದ ಒಂದು ಡಬ್ಬಿ ಇರುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ತುಟಿ. ಇಂಜಿನ್ ತಿರುಗಿದಂತೆ ಆ ತುಟಿಗಳು ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಲೊಮ್ಮೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಗಾಡಿ ಓಡುತ್ತದೆ. ಸುಟ್ಟು ಸುಟ್ಟು ಆ ತುಟಿಗಳಿಗೆ ಕಪ್ಪು ಹಿಡಿಯುತ್ತಿತ್ತು. ಆಗ ನಯವಾದ ಮರಳುಕಾಗದದಲ್ಲಿ ಉಜ್ಜಬೇಕು, ಬಿಟ್ಟಾಗಿನ ಸಂದಿ ಇಷ್ಟೇ ಅಂತ ಅಳತೆ ಇಡಬೇಕು. ಅಳತೆಗೆ ನಾನು ಲಗ್ನಪತ್ರಿಕೆಯ ರಟ್ಟು ಬಳಸುತ್ತಿದ್ದೆ. ಹಡಗಲಿಯ ಕಡೆಯಿಂದ ಬರುವ ಪತ್ರಿಕೆ ಸ್ವಲ್ಪ ದಪ್ಪ, ಹರಪನಹಳ್ಳಿಯದು ತೆಳು, ಕೊಟ್ಟೂರಿನದು ಸರಿಯಾಗಿ ಹೊಂದುತ್ತಿತ್ತು. ಯಾರ ಮದುವೆಯ ಪತ್ರಿಕೆ ಬಂದರೂ ನಾನು ಮುಹೂರ್ತ ನೋಡುವ ಮೊದಲು ದಪ್ಪ ನೋಡುತ್ತಿದ್ದೆ.

ಈ ತುಟಿಗಳ ಒಂದು ಗುಣ ನನಗೆ ಬೇಗ ತಿಳಿಯಿತು. ಅವುಗಳ ನಡುವೆ ಒಂದು ಚೂರು ಒಣಗಿದ ಬೀಡಿ ಎಲೆ ಸಿಕ್ಕಿಸಿದರೆ ಮುಗಿಯಿತು, ಕರೆಂಟು ಹರಿಯುವುದಿಲ್ಲ. ಆಮೇಲೆ ಊರ ಪೈಲ್ವಾನರೆಲ್ಲ ಬಂದು ಹ್ಯಾಂಡ್ಲು ತಿರುಗಿಸಿದರೂ ಇಂಜಿನ್ ಕೆಮ್ಮುವುದೂ ಇಲ್ಲ. ನಾನು ಹೇಳಲಾರದ 'ಇಲ್ಲ'ವನ್ನು ನನ್ನ ಪರವಾಗಿ ಗಾಡಿ ಹೇಳುತ್ತಿತ್ತು.

ನಮ್ಮ ಓಣಿಯ ಹಾಲಪ್ಪ ಮೇಷ್ಟ್ರನ್ನೇ ತಗೊಳ್ಳಿ. ಬಂಧು ಬಳಗ ದೊಡ್ಡದು, ವಾರಕ್ಕೊಮ್ಮೆ ಯಾರದಾದರೂ ಕಾರ್ಯ. ಗಾಡಿ ಬೇಕು ಅಂತ ಬಂದರೆ ನಾನು ಕೂತಲ್ಲಿಂದ ಎದ್ದೇ ಬಿಡುತ್ತಿದ್ದೆ. ಅದಕ್ಕೇನ್ರಿ ಮೇಷ್ಟ್ರೆ, ನಿಮ್ಮದೇ ಗಾಡಿ, ಒಂದು ಸಲ ಪಾಯಿಂಟ್ ಉಜ್ಜಿ ಕೊಡ್ತೀನಿ ಅಂತ ಬಾನೆಟ್ ಎತ್ತಿ, ಬಗ್ಗಿ, ಎಲೆ ಸಿಕ್ಕಿಸಿ ಮುಚ್ಚಳ ಮುಚ್ಚುತ್ತಿದ್ದೆ. ಆಮೇಲೆ ಶುರು ನನ್ನ ಆಟ. ಹ್ಯಾಂಡ್ಲು ತಿರುಗಿಸುತ್ತಿದ್ದೆ, ಬೆವರುತ್ತಿದ್ದೆ, ಗಾಡಿಗೆ ಕೈ ಮುಗಿಯುತ್ತಿದ್ದೆ, ಕೊನೆಗೆ ಮಾನ ಕಳೆದೆಯಲ್ಲೋ ಅಂತ ಅದರ ಮೂತಿಗೆ ಗುದ್ದುತ್ತಿದ್ದೆ. ಒಂದು ಸಲವಂತೂ ಮೇಷ್ಟ್ರೇ ಓಡಿಬಂದು ನನ್ನ ಕೈಯಿಂದ ಹ್ಯಾಂಡ್ಲು ಕಸಿದುಕೊಂಡರು. "ಸಾಕು ಬಿಡ್ರಿ, ಗಾಡಿ ಸಲುವಾಗಿ ಜೀವ ಕಳಕಂತೀರೇನು?" ಅಂದರು. ಅವರ ಮನೆಯಿಂದ ನನಗೆ ಒಂದು ಚೊಂಬು ಮಜ್ಜಿಗೆಯೂ ಬಂತು. ಗಾಡಿ ಕೊಡದೆ ಮಜ್ಜಿಗೆ ಕುಡಿದವನು ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ನೋಡೋಣ.

ಈ ವಿದ್ಯೆ ಗೊತ್ತಿದ್ದದ್ದು ನನ್ನಾಕಿಗೆ ಮಾತ್ರ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ನೋಡಿದವರು ಪಾಪ, ಗಂಡನ ಕಷ್ಟಕ್ಕೆ ಅಳ್ತಾಳೆ ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಯಾರಿಗೋ ಸಿಕ್ಕಿಸಿದ ಎಲೆಯನ್ನು ತೆಗೆಯುವುದು ಮರೆತುಬಿಟ್ಟೆ. ಬೆಳಿಗ್ಗೆ ಹುಣಸೆಹಣ್ಣಿನ ಚೀಲ ತುಂಬಿಸಿ ಹ್ಯಾಂಡ್ಲು ತಿರುಗಿಸಿದೆ, ತಿರುಗಿಸಿದೆ, ಗಾಡಿ ಜಪ್ಪಯ್ಯ ಅನ್ನಲಿಲ್ಲ. ಅವತ್ತು ಬೆವರಿದ್ದು ನಿಜವಾದ ಬೆವರು. ಇಡೀ ಓಣಿ ನೋಡಿತು. ದಿನಾ ನೋಡುವ ಆಟವೇ ಆದ್ದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಬೀಡಿ ಎಲೆ ಅಂತ ನನ್ನ ತಲೆಗೂ ಹೊಳೆಯಲಿಲ್ಲ. ಮೋಸ ಮಾಡುವವನಿಗೆ ತನ್ನ ಮೇಲೆ ಎಂದೂ ಅನುಮಾನ ಬರುವುದಿಲ್ಲ, ಇದನ್ನು ನೀವು ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಕೊನೆಗೆ ನನ್ನ ಹೆಂಡತಿಯ ತಮ್ಮ ಕೊಟ್ರೇಶ ಎತ್ತು ಕಟ್ಟಿಕೊಂಡು ಬಂದ. ಗಾಡಿಯನ್ನು ಎಳೆಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಮಾಬುಸಾಬನ ಗ್ಯಾರೇಜಿಗೆ ಹೋದೆವು.

ಮಾಬುಸಾಬ ಮುಚ್ಚಳ ತೆಗೆದ. ಎರಡು ಬೆರಳಲ್ಲಿ ಎಲೆಯ ಚೂರನ್ನು ಎತ್ತಿ ಬೆಳಕಿಗೆ ಹಿಡಿದ, ಮೂಸಿ ನೋಡಿದ. "ಇದು ಯಾವ ಕಂಪನಿ ಪಾರ್ಟ್ ರೀ ಯಜಮಾನ್ರ?" ಅಂದ. ಕೊಟ್ರೇಶ ಕತ್ತು ಚಾಚಿ ಎಲೆಯನ್ನೊಮ್ಮೆ, ನನ್ನ ಬಾಯಲ್ಲಿದ್ದ ಬೀಡಿಯನ್ನೊಮ್ಮೆ ನೋಡಿದ. ಅವನೂ ಎಷ್ಟೋ ಸಲ ಗಾಡಿ ಕೇಳಿ ಬರಿಗೈಲಿ ಹೋದವನು. ಇನ್ನೊಂದು ಗಳಿಗೆ ಬಿಟ್ಟರೆ ಅವನ ತಲೆಯಲ್ಲಿ ಲೆಕ್ಕ ಕೂಡಿಬಿಡುತ್ತಿತ್ತು. ನಾನು ತಡಮಾಡದೆ ದನಿ ಏರಿಸಿದೆ. "ನೋಡು ಮಾಬು, ಈ ದರಿದ್ರ ಪಾಯಿಂಟ್ ಇರಾತನ ಹಿಂಗ ಕಸ ಕಡ್ಡಿ ಹಾರಿಬಂದು ಕುಂದರ್ತೈತಿ. ಕಿತ್ತು ಒಗಿ ಅದನ್ನ. ಹೊಸಾದು ಏನೈತಿ ಅದನ್ನ ಹಾಕು."

ಹೊಸದು ಏನಾದರೂ ಇದೆ ಅಂತ ನಾನು ಅಂದುಕೊಂಡಿರಲಿಲ್ಲ. ಇತ್ತು. ಯಾರೋ ಜೀಪಿನವರಿಗೆಂದು ಹುಬ್ಬಳ್ಳಿಯಿಂದ ತರಿಸಿ, ಅವರು ಬೇಡವೆಂದದ್ದಕ್ಕೆ ಕಪಾಟಿನಲ್ಲಿಟ್ಟಿದ್ದ ಪಾಯಿಂಟಿಲ್ಲದೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಮಾಬುಸಾಬ ಖುಷಿಯಿಂದ ಹೊರತೆಗೆದ. ಆ ಎರಡು ತುಟಿಗಳನ್ನು ಬಿಚ್ಚಿ ತಗಡಿನ ಡಬ್ಬಕ್ಕೆ ಎಸೆದ. ಅವುಗಳ ಜಾಗಕ್ಕೆ ಯಾವುದನ್ನೂ ಮುಟ್ಟದ, ಯಾವುದಕ್ಕೂ ತಾಗದ ಒಂದು ತುಣುಕು ಕೂರಿಸಿದ. ಬಾನೆಟ್ಟಿನ ಒಳಗೋಡೆಗೆ ಒಂದು ಡಬ್ಬಿ ಬೋಲ್ಟು ಹಾಕಿ ಬಿಗಿದು ವೈರು ಎಳೆದ. ಇನ್ನು ಉಜ್ಜುವುದಿಲ್ಲ, ಸಂದಿ ಹಿಡಿಯುವುದಿಲ್ಲ, ಮಳೆ ಚಳಿ ಅನ್ನುವುದಿಲ್ಲ ಅಂದ. ಹ್ಯಾಂಡ್ಲು ಒಂದೇ ಸುತ್ತು, ಗಾಡಿ ಎದ್ದು ಕೂತಿತು.

ನಿಜ ಹೇಳುತ್ತೇನೆ, ಆ ಸದ್ದು ಕೇಳಿ ನಾನು ನನ್ನನ್ನೇ ಮರೆತೆ. ಇಂಥ ಗಾಡಿ ಈ ಸೀಮೆಯಲ್ಲಿ ನನ್ನದೊಂದೇ ಅಂತ ನಾನೇ ತೀರ್ಮಾನ ಮಾಡಿದೆ. ಅದನ್ನು ಜನರಿಗೆ ತಿಳಿಸುವುದು ನನ್ನ ಕರ್ತವ್ಯ ತಾನೆ? ಕೊಟ್ಟೂರಿಗೆ ಹೋದೆ, ಹರಪನಹಳ್ಳಿಗೆ ಹೋದೆ, ಹಗರಿಬೊಮ್ಮನಹಳ್ಳಿಯ ಸ್ಟೇಷನ್ ಮುಂದೆ ನಿಲ್ಲಿಸಿದೆ. ಎಲ್ಲಿ ನಾಲ್ಕು ಜನ ಕಂಡರೂ ಇಂಜಿನ್ ಆರಿಸಿ, ಇಳಿದು, ಒಂದೇ ಸುತ್ತಿಗೆ ಮತ್ತೆ ಸ್ಟಾರ್ಟ್ ಮಾಡಿ ತೋರಿಸಿದೆ. ಮನೆ ಮುಂದೆ ನನ್ನಾಕಿಯ ಕೈಗೇ ಹ್ಯಾಂಡ್ಲು ಕೊಟ್ಟು ತಿರುಗಿಸಲು ಹೇಳಿದೆ, ಆಗಲೂ ಎದ್ದಿತು. ಓಣಿಯವರು ಚಪ್ಪಾಳೆ ತಟ್ಟಿದರು. ಅವಳು ಹ್ಯಾಂಡ್ಲನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದಳು: "ಅಲ್ರಿ, ಇನ್ನ ಯಾರರ ಬಂದು ಗಾಡಿ ಕೇಳಿದ್ರ ಏನ್ ಮಾಡ್ತೀರಿ?"

ಹ್ಯಾಂಡ್ಲು ಹಿಡಿದುಕೊಂಡೇ ತಿರುಗಿ ನೋಡಿದರೆ ಚಪ್ಪಾಳೆ ತಟ್ಟಿದವರಲ್ಲಿ ಮುಂದೆ ನಿಂತವರೇ ಹಾಲಪ್ಪ ಮೇಷ್ಟ್ರು.

ಮರುದಿನವೇ ಬಂದರು. ನಾನು ಅಭ್ಯಾಸಬಲದಿಂದ ಬಾನೆಟ್ ಎತ್ತಿ, ಬಗ್ಗಿ, ಮುಚ್ಚಳ ತೆಗೆದು, ಬೀಡಿ ಎಲೆ ಹಿಡಿದು ನಿಂತೆ. ಸಿಕ್ಕಿಸಲು ತುಟಿಯೇ ಇಲ್ಲ. ಏನು ಹುಡುಕ್ತೀರಿ ಅಂತ ಮೇಷ್ಟ್ರು ಕೇಳಿದರು. ಏನಿಲ್ಲ, ಧೂಳು ಅಂದೆ. ಗಾಡಿ ಹೋಯಿತು. ಮುಂದಿನ ಸಲ ಒಂದು ವೈರು ಕಿತ್ತಿಟ್ಟೆ. ಕೇಳಲು ಬಂದವನು ನನಗಿಂತ ಮೊದಲು ಅದನ್ನು ಕಂಡು, ಇಲ್ಲೊಂದು ಬಿಟ್ಟೈತಿ ನೋಡ್ರಿ ಅಂತ ಸಿಕ್ಕಿಸಿ, ಉಪಕಾರ ಮಾಡಿದ ತೃಪ್ತಿಯಿಂದ ಗಾಡಿ ಹೊಡೆದುಕೊಂಡು ಹೋದ. ಪೆಟ್ರೋಲ್ ಬಸಿದಿಟ್ಟರೆ ಡಬ್ಬಿ ಹಿಡಿದುಕೊಂಡೇ ಬಂದರು. ಯಾವ ನೆಪವೂ ಹತ್ತಲಿಲ್ಲ. ಗಾಡಿಗೆ ಯಾವ ಕೆಟ್ಟ ಅಭ್ಯಾಸವೂ ಉಳಿದಿರಲಿಲ್ಲ, ಅದೇ ನನ್ನ ಕಷ್ಟ.

ಒಂದೇ ದಿನಕ್ಕೆ ಮೂರು ಮನೆಯವರು ಬಂದು ನಿಂತರೂ ನಾನು ಮೂವರಿಗೂ ಹೂಂ ಅಂದುಬಿಡುತ್ತಿದ್ದೆ. ಜಗಳ ನನ್ನ ಕಟ್ಟೆಯ ಮೇಲೇ ಆಗುತ್ತಿತ್ತು. ಕೊನೆಗೆ ಕೊಟ್ರೇಶ ನಡುವೆ ಬಂದ. "ಮಾವ, ನಿಮಗ ಬಾಯಿ ಬರಂಗಿಲ್ಲ. ಪಾಳಿ ನಾ ನೋಡ್ಕಂತೀನಿ, ಡ್ರೈವರ್‌ಕಿನೂ ನಾನ ಮಾಡ್ತೀನಿ. ಗಾಡಿ ಹಾಳಾಗಂಗಿಲ್ಲ," ಅಂದ. ನನಗೆ ಹಿಡಿಸಿತು. ಗಾಡಿ ಮನೆಯವನ ಕೈಯಲ್ಲೇ ಇದ್ದಹಾಗಾಯಿತು, ನನ್ನ ಬಾಯಿಗೂ ಬಿಡುವು ಸಿಕ್ಕಿತು. ಆಮೇಲೆ ಗಾಡಿ ಮನೆ ಮುಂದೆ ನಿಂತದ್ದನ್ನು ನಾನು ಅಪರೂಪಕ್ಕೆ ನೋಡಿದೆ. ಅದು ನಿಲ್ಲುತ್ತಿದ್ದ ಜಾಗದಲ್ಲಿ ನನ್ನಾಕಿ ಮೆಣಸಿನಕಾಯಿ ಒಣಹಾಕಿದಳು.

ಇಷ್ಟರಲ್ಲಿ ಹಡಗಲಿಯ ಸಾಹುಕಾರರಿಗೆ ಕೊಡಲು ಒಪ್ಪಿಕೊಂಡಿದ್ದ ಹುಣಸೆಹಣ್ಣು ಅಂಗಳದಲ್ಲೇ ಬಿದ್ದಿತ್ತು. ಮೋಡ ಕಟ್ಟುತ್ತಿತ್ತು. ಹುಣಸೆಹಣ್ಣಿಗೆ ನೀರು ತಾಗಿದರೆ ಕರಿದಾಗುತ್ತದೆ, ಆಮೇಲೆ ಪಾತ್ರೆ ತಿಕ್ಕಲು ಮಾತ್ರ ಲಾಯಕ್ಕು. ನನ್ನ ಗಾಡಿಯಲ್ಲಿ ನನ್ನ ಮಾಲು ಹಾಕಲು ನನಗೇ ಪಾಳಿ ಸಿಗಲಿಲ್ಲ. ಮಾಲು ಸ್ವಲ್ಪ ತಡ ಅಂತ ಸಾಹುಕಾರರಿಗೆ ಖುದ್ದಾಗಿ ತಿಳಿಸಿ ಬರೋಣವೆಂದು ಬಸ್ಸು ಹತ್ತಿದೆ. ಹಗರಿಬೊಮ್ಮನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಬಸ್ಸು ಕೆಟ್ಟು ನಿಂತಿತು. ಎಲ್ಲರೊಂದಿಗೆ ಬೇವಿನ ಮರದ ಕೆಳಗೆ ಕೂತಿದ್ದಾಗ ಹಿಂದಿನಿಂದ ಪರಿಚಿತ ಸದ್ದು ಕೇಳಿಸಿತು. ನನ್ನದೇ ಪಿಕಪ್ಪು. ಹಾಲಪ್ಪ ಮೇಷ್ಟ್ರ ಬಳಗ ಹೊಳಲಿಗೆ ಹೆಣ್ಣು ನೋಡಲು ಹೊರಟಿತ್ತು. ಮುಂದಿನ ಸೀಟಿನಲ್ಲಿ ಗಂಡು, ಗಂಡಿನ ಸೋದರಮಾವ. ಜಾಗ ಇಲ್ಲ. ಕೊಟ್ರೇಶ ಗಾಡಿ ನಿಲ್ಲಿಸಿ, "ಮಾವ, ಹಿಂದ ಹತ್ತ್ರಿ ಲಗೂನ, ಒಳ್ಳೆ ಗಳಿಗಿ ಮೀರ್ತೈತಿ" ಅಂದ.

ಹತ್ತಿದೆ. ಕಂಬಿ ಹಿಡಿದು ನಿಂತೆ. ಪಕ್ಕದಲ್ಲಿ ಹಣ್ಣಿನ ಬುಟ್ಟಿಯ ಮೇಲೆ ಕೂತಿದ್ದ ಒಬ್ಬ ಅಜ್ಜ, ಮೇಷ್ಟ್ರ ಕಡೆಯವನು, ನನ್ನ ಗುರುತಿಲ್ಲದವನು, ಮಾತಿಗೆ ಎಳೆದ. "ಈ ಗಾಡಿ ಮಾಲಕ ಬಾಳ ದೊಡ್ಡ ಮನುಷ್ಯಾ ಅಂತ. ಇಲ್ಲಾ ಅನ್ನಾದು ಆತಗ ಗೊತ್ತ ಇಲ್ಲಂತ," ಅಂದ.

"ಹೌದಂತ್ರಿ. ನಾನೂ ಕೇಳೀನಿ," ಅಂದೆ.

ಹಡಗಲಿಯಲ್ಲಿ ಸಾಹುಕಾರರ ಅಂಗಡಿಯ ಎದುರಿಗೇ ಇಳಿಸಿದರು. ನಾನು ಡ್ರೈವರ್ ಬಾಗಿಲ ಹತ್ತಿರ ಹೋಗಿ, ಆದಷ್ಟು ಮೆತ್ತಗೆ, ಕೊಟ್ರೇಶಿ, ನಾಳೆ ಒಂದಿನ ಗಾಡಿ ನನಗೆ ಬೇಕಾಗಿತ್ತಲ್ಲೋ, ಮೋಡ ಆಗೈತಿ ಅಂದೆ.

ಅವನು ಗೇರಿನ ಮೇಲಿನ ಕೈ ಸಹ ತೆಗೆಯಲಿಲ್ಲ. "ಇಲ್ಲ ಮಾವ. ನಾಳೆ ಆಗಂಗಿಲ್ಲ."

ಮುಂದಿನ ಮಾತಿಗೆ ಕಾದೆ. ಪೆಟ್ರೋಲು, ಟಯರು, ಬ್ಯಾಟರಿ, ಏನಾದರೂ ಒಂದು ಹೇಳುತ್ತಾನೆ ಅಂದುಕೊಂಡೆ. ಏನೂ ಇಲ್ಲ. ಹೇಳಬೇಕಾದದ್ದನ್ನು ಹೇಳಿ ಗಾಡಿ ಬಿಟ್ಟ. ಆಕಾಶ ಕಳಚಿ ಬೀಳಲಿಲ್ಲ, ಅವನ ನಾಲಗೆಯೂ ಬೀಳಲಿಲ್ಲ. ನನಗೆ ಸಿಟ್ಟಿಗಿಂತ ಬೆರಗಾಯಿತು. ಎಷ್ಟು ಸಣ್ಣ ಮಾತು, ಒಂದು ಉಸಿರೂ ಬೇಡ. ಇದಕ್ಕಾಗಿ ನಾನು ಇಷ್ಟು ವರ್ಷ ಹ್ಯಾಂಡ್ಲು ತಿರುಗಿಸಿದೆನಲ್ಲ ಅನ್ನಿಸಿತು. ಇವತ್ತಿನಿಂದಲೇ ಶುರು ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿ ಅಂಗಡಿಯ ಮೆಟ್ಟಿಲು ಹತ್ತಿದೆ.

ಸಾಹುಕಾರರು ಗಾದಿಯ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದರು. ಬರ್ರಿ ಬರ್ರಿ, ಮಾಲು ತಂದ್ರೇನು ಅಂದರು.

'ಇಲ್ಲ' ಅನ್ನಲು ಬಾಯಿ ತೆರೆದೆ. "ಗಾಡಿ ಸ್ಟಾರ್ಟ್ ಆಗ್ಲಿಲ್ರಿ" ಅಂತ ಬಂತು.

ಸಾಹುಕಾರರು ನನ್ನನ್ನು ನೋಡಿದರು. ರಸ್ತೆಯಲ್ಲಿ ನನ್ನ ಗಾಡಿ ಎಬ್ಬಿಸಿದ್ದ ಧೂಳು ಇನ್ನೂ ಇಳಿಯುತ್ತಿತ್ತು, ಅದನ್ನು ನೋಡಿದರು. ಅವರೂ ನಮ್ಮ ಕಡೆಯವರೇ, ಪಾಪ, ಅವರಿಗೂ ಬಾಯಿ ಬರಲಿಲ್ಲ.

"ಹೌದೇನ್ರಿ? ಆ ಪಾಯಿಂಟ್ ಒಮ್ಮಿ ನೋಡಸ್ರಿ," ಅಂದರು.

ನೋಡಿಸ್ತೀನ್ರಿ ಅಂದೆ.