ಆಪಾನ ಹೆಸರಿನ ಹೋತ

ತಾಯಿ ನಜಮುನ್ನಿಸಾ ಕಣ್ಣು ಮುಚ್ಚುವ ಮೊದಲು ರಸೂಲನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು: ಬದುಕಿರುವ ತನಕ ಪ್ರತಿ ಬಕ್ರೀದಿಗೆ ಅವನು ‘ಆಪಾ’ ಎಂದು ಕರೆಯುವ ಅಕ್ಕ ಸರ್ವರಬೇಗಂಳ ಹೆಸರಿಗೂ ಒಂದು ಹೋತ ಕುರ್ಬಾನಿ ಕೊಡಬೇಕು. ತಾಯಿಯ ಮಣ್ಣಾದ ಮೇಲೆ ಅಕ್ಕ, ತಮ್ಮನನ್ನು ಕೇಳದೆ, ಹಬ್ಬದ ಅಡುಗೆ ಮಾಡುವ ಮನೆಯ ದೊಡ್ಡ ತಾಮ್ರದ ದೇಗಚಿ ಎತ್ತಿಕೊಂಡು ಜೇವರ್ಗಿಯ ಗಂಡನ ಮನೆಗೆ ಹೊರಟಳು. “ಅಲ್ಲಾನಾಣಿ, ಇನ್ನ ನಿನ್ನ ಕೂಡ ಮಾತಾಡಂಗಿಲ್ಲ!” ಎಂದು ರಸೂಲ ಬಸ್ಸಿನ ಹಿಂದೆ ಕೂಗಿದ. ಮಾತು, ಆಣೆ ಎರಡನ್ನೂ ಚಾಚೂ ತಪ್ಪದೆ ನಡೆಸಿಕೊಂಡು ಬಂದ. ಪ್ರತಿ ವರ್ಷ ಹೋತ ಕೊಟ್ಟ. ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ.

ಈ ಸಲ ಮಾದನಹಿಪ್ಪರಗಾಕ್ಕೆ ಬಂದ ಹೊಸ ಮೌಲ್ವಿ ಸಾಬರು, ಚೂರಿ ಹಿಡಿದು ನಿಂತ ರಸೂಲನನ್ನು ತಡೆದರು.

“ಇದು ಯಾರ ಹೆಸರಿಗೆ?”

“ನಮ್ಮ ಆಪಾನ ಹೆಸರಿಗ್ರಿ.”

“ಜೀವಂತ ಅದಾಳಲ್ಲ? ಆಕಿ ಒಪ್ಪಿಗಿ ತಗೊಂಡಿಯೇನು?”

“ಇಲ್ರಿ.”

“ಹಂಗಾರ ಆಕಿ ಕುರ್ಬಾನಿ ಆಗಂಗಿಲ್ಲ. ಹಿಂದಿನವೂ ಆಗಿಲ್ಲ.”

ರಸೂಲನ ಮುಖ ನೀರು ಹೊಯ್ದ ಒಲೆಯಂತಾಯಿತು. ಅವ್ವನಿಗೆ ಇಷ್ಟು ವರ್ಷ ಹುಸಿ ಹೇಳಿದಂತಾಯಿತಲ್ಲ!

“ಫೋನ್ ಹಚ್ಚಲೇ,” ಎಂದಿತು ಓಣಿ. ಆಣೆ ನೆನೆದು ರಸೂಲ ಆಗದೆಂದು ತಲೆ ಅಲ್ಲಾಡಿಸಿದ, ಮೌಲ್ವಿ ಸಾಬರ ಕಡೆ ತಿರುಗಿದ.

“ನನ್ನ ಪರವಾಗಿ ಬ್ಯಾರೇದವರು ಕೇಳಿದ್ರ ನಡೀತದೇನ್ರಿ?”

“ನಡೀತದ.”

ಅಕ್ಕನ ನಂಬರು ಇದ್ದದ್ದು ಪಕ್ಕದ ಮನೆಯ ಕಲ್ಯಾಣಪ್ಪನ ಬಳಿ ಮಾತ್ರ. ಅವನ ಮಗಳನ್ನು ಜೇವರ್ಗಿಯ ಅದೇ ಓಣಿಗೆ ಕೊಟ್ಟಿತ್ತು. ಕಲ್ಯಾಣಪ್ಪನೋ, ತತ್ತಿ ಮಾರುವ ಅಂಗಡಿಯಲ್ಲಿ ಬೆಲ್ಲವನ್ನೂ ಕೊಳ್ಳದ ಲಿಂಗವಂತ. ಹೋತಕ್ಕೆ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಒದರಿದ:

“ಸರ್ವರಕ್ಕಾ, ನಿನ್ನ ಹೆಸರ್ಲೆ ನಿನ್ನ ತಮ್ಮ ಅದು... ಆ ಕೆಲಸ ಮಾಡಾಕತ್ತಾನ. ಹ್ಞೂಂ ಅಂತೀಯೇನು?”

“ಯಾ ಕೆಲಸ?”

“ಹೇಳಾಕ ಬಾಯಿ ಬರವಲ್ದವ್ವಾ. ನಾಕು ಕಾಲು, ಎರಡು ಕೋಡು, ಗಡ್ಡ... ಶಿವಶಿವಾ!”

ಓಣಿ ನಕ್ಕಿತು. ಅಕ್ಕ ನಗಲಿಲ್ಲ.

“ತಿಳೀತು. ಅವನ ಬಾಯಿಲೆ ಕೇಳ್ಲಿ.”

ಕಲ್ಯಾಣಪ್ಪ ಫೋನನ್ನು ರಸೂಲನ ಕಿವಿಗೆ ಒತ್ತಿ ಹಿಡಿದ. ಆ ಕಡೆ ಬರೀ ಉಸಿರು. ಅವ್ವನಿಗೆ ಇದ್ದಂಥದೇ, ಸಣ್ಣಗೆ ಸೀಟಿ ಹೊಡೆಯುವ ಉಸಿರು.

“ಆಪಾ,” ಎಂದ ರಸೂಲ. “ಕೊಡ್ಲೇನು?”

“ಕೊಡೋ ಹುಚ್ಚಾ. ಇಷ್ಟು ವರ್ಷ ಯಾಕ ಕೇಳಲಿಲ್ಲ?”

ಕುರ್ಬಾನಿ ಆಯಿತು. ಅಷ್ಟರಲ್ಲಿ ಓಣಿ ಹಳೇ ಆಣೆಯ ಕಥೆಯನ್ನು ಮೌಲ್ವಿ ಸಾಬರ ಕಿವಿಗೆ ಹಾಕಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದ ರಸೂಲನ ಹೆಗಲ ಮೇಲೆ ಅವರು ಕೈ ಇಟ್ಟರು.

“ಮಾತಾಡಿದ್ದು ಚಲೋ ಆತು. ಆದ್ರ ಆಣಿ ಮುರೀತು, ಅದಕ್ಕ ಪ್ರಾಯಶ್ಚಿತ್ತ ಅದ. ಹತ್ತು ಮಂದಿ ಬಡವರಿಗೆ ಎರಡು ಹೊತ್ತು ಹೊಟ್ಟಿ ತುಂಬ ಉಣಸು.”

“ಹತ್ತು ಮಂದಿಗಾ? ಅಷ್ಟು ದೊಡ್ಡ ಭಾಂಡೆ ಎಲ್ಲಿ ಅದರಿ ನಮ್ಮನ್ಯಾಗ?”

ಕಲ್ಯಾಣಪ್ಪ ಹೊಳ್ಳಿ ಅಕ್ಕನಿಗೇ ಫೋನ್ ಹಚ್ಚಿದ.

“ದೇಗಚಿ ಒಯ್ಯಲಿ,” ಎಂದಳು ಅಕ್ಕ. “ಖರೆ, ಹೊಳ್ಳಿ ತಂದು ಕೊಡ್ತೇನಂತ ಮದಲ ಆಣಿ ಮಾಡ್ಲಿ.”

ರಸೂಲ ಆಣೆ ಮಾಡಿದ.

ಅವ್ವನಿಗೆ ಕೊಟ್ಟ ಮಾತು ಆ ದಿನ ಮೊದಲ ಸಲ ನಡೆದಿತ್ತು.