ಅತ್ತೆ ಫೇಲು ಮಾಡಿದ ಶಾಲೆಗಳು

ಮಕ್ಕಳನ್ನು ಫೇಲು ಮಾಡುವ ಶಾಲೆಗಳನ್ನು ನೀವು ನೋಡಿರುತ್ತೀರಿ. ಶಾಲೆಗಳನ್ನೇ ಫೇಲು ಮಾಡುವ ಹೆಂಗಸನ್ನು ನೋಡಿದ್ದೀರಾ? ಇಲ್ಲವಾದರೆ ಪುಣೆಯ ಧನಕವಡಿಗೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ. ಕಳೆದ ಜೂನ್‌ನಲ್ಲಿ ಒಂದೇ ವಾರದಲ್ಲಿ ಮಹಾನಗರಪಾಲಿಕೆಯ ನಾಲ್ಕು ಶಾಲೆಗಳನ್ನು ಅವರು ಫೇಲು ಮಾಡಿದರು. ಮರುಪರೀಕ್ಷೆಗೂ ಅವಕಾಶ ಕೊಡಲಿಲ್ಲ!

ಕಾರಣ ಅವರ ಮೊಮ್ಮಗಳು. ಆರು ವರ್ಷದವಳು, ಒಂದನೇ ಇಯತ್ತೆಗೆ ಸೇರಬೇಕಾಗಿತ್ತು. ಮಾತಾಡಲು ಹೊರಟರೆ ಅವಳ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಬಿಡಿಸಿಕೊಂಡು ಹೊರಗೆ ಬರುತ್ತದೆ. ಆದರೆ ಹಿಂದಿನ ವರ್ಷದ ಬಾಲವಾಡಿಯ ಟೀಚರ ಬಳಿ ಆ ಸ್ವಲ್ಪ ಹೊತ್ತು ಇರಲಿಲ್ಲ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ನೀರಿನ ಲೋಟ ಮುಂದೆ ಬಂದಿರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಕೆಂಪು ಪೆನ್ಸಿಲು. ದೀಪಾವಳಿಯ ಹೊತ್ತಿಗೆ ಅವಳು ಮನೆಯ ಹೊರಗೆ ಮಾತಾಡುವುದನ್ನೇ ಬಿಟ್ಟಳು.

"ಈ ಸಲ ಸಾಲಿ ನಾ ಆರಸ್ತೀನಿ" ಎಂದರು ಅತ್ತೆ.

"ಆರಸವ್ವಾ. ಆದ್ರ ಕಂಪ್ಯೂಟರ್ ಎಷ್ಟ ಅವ ಅಂತ ಕೇಳಿ ಬಾ" ಎಂದ ಅವರ ಮಗ.

"ಕಂಪ್ಯೂಟರ್ ಸುಮ್ಮನ ಇರ್ತದೋ. ಟೀಚರ್ ಸುಮ್ಮನ ಇರ್ತಾರೇನು, ನಾ ಅಷ್ಟ ನೋಡಾಕಿ."

ಪರೀಕ್ಷೆಯ ಕ್ರಮ ಸರಳ. ಅತ್ತೆ ಒಳಗೆ ಹೋಗಿ ಒಂದು ವಾಕ್ಯ ಶುರು ಮಾಡಬೇಕು, ಅರ್ಧಕ್ಕೆ ನಿಲ್ಲಿಸಬೇಕು. ಎದುರಿನವರು ಆ ವಾಕ್ಯವನ್ನು ತಾವೇ ಮುಗಿಸದೆ ಎಷ್ಟು ಸೆಕೆಂಡು ಕಾಯುತ್ತಾರೆ ಎಂದು ನಾನು ಮೊಬೈಲಿನಲ್ಲಿ ಅಳೆಯಬೇಕು. ನಾನು ಅತ್ತೆಯ ಮನೆಯಲ್ಲಿ ಇದ್ದುಕೊಂಡು ಸಂಖ್ಯಾಶಾಸ್ತ್ರ ಓದಿದ್ದು ಇದಕ್ಕೇ ಎಂದು ಅವರಿಗೆ ಖಾತ್ರಿಯಿತ್ತು. ಕಚೇರಿಗಳಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುವುದು ನನ್ನ ಸ್ವಭಾವ. ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ತೊಡಕು ಇದ್ದದ್ದು ಅತ್ತೆಯಲ್ಲಿ. ಅವರ ಮಾತು ಪುಣೆ ಬಿಟ್ಟರೆ ದೌಂಡದಲ್ಲೂ ನಿಲ್ಲದೆ ಸೋಲಾಪುರ ಮುಟ್ಟುವ ಗಾಡಿ. ಅದನ್ನು ನಡುದಾರಿಯಲ್ಲಿ ನಿಲ್ಲಿಸಲು ಅವರು ನನ್ನ ಮುಂಗೈಯನ್ನು ಬ್ರೇಕಿನಂತೆ ಹಿಡಿದುಕೊಳ್ಳುತ್ತಿದ್ದರು. ವಾರದ ಕೊನೆಗೆ ನನ್ನ ಕೈ ಮೇಲೆ ಐದು ಬೆರಳಿನ ಗುರುತು!

ಶಾಲೆಗಳಲ್ಲಿ ನಡೆದ ಮಾತೆಲ್ಲ ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮೊದಲ ಶಾಲೆಯಲ್ಲಿ ಅತ್ತೆ, "ನಮ್ಮ ಮೊಮ್ಮಗಳು ಒಬ್ಬಾಕಿ ಅದಾಳ್ರಿ, ಆಕಿಗೆ..." ಎಂದು ನಿಲ್ಲಿಸಿದರು. ಎರಡು ಸೆಕೆಂಡು.

"ಪ್ರವೇಶ ಬೇಕು. ಜನನ ದಾಖಲೆ, ಆಧಾರ್, ಎರಡು ಫೋಟೋ" ಎಂದರು ಮುಖ್ಯೋಪಾಧ್ಯಾಯರು.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ನಗುನಗುತ್ತ "ಡುಮ್ಕಿ ಹೊಡೀತು" ಎಂದರು. ಏನೋ ಒಳ್ಳೆಯದು ಹೇಳುತ್ತಿದ್ದಾರೆಂದು ಮುಖ್ಯೋಪಾಧ್ಯಾಯರೂ ನಕ್ಕರು.

ಎರಡನೆಯದರಲ್ಲಿ ಗುಮಾಸ್ತರು ಇನ್ನೂ ಚುರುಕು. "ಆಕಿಗೆ..." ಎನ್ನುತ್ತಲೇ, "ಲಸಿಕೆ ಆಚೆ ಕೋಣೆಯಲ್ಲಿ." ಅತ್ತೆ ಸಾವರಿಸಿಕೊಂಡು "ಹಂಗಲ್ರಿ, ನಾ ಬಂದದ್ದು..." ಎಂದರೆ, "ಮತದಾರರ ಪಟ್ಟಿ ನಾಳೆ." ಮೂರನೆಯ ಸಲ ಬಾಯಿ ತೆರೆದಿದ್ದರೆ ಅವರು ಅತ್ತೆಯನ್ನು ಚುನಾವಣೆಗೇ ನಿಲ್ಲಿಸಿಬಿಡುತ್ತಿದ್ದರು.

ಮೂರನೆಯ ಶಾಲೆಯ ಟೀಚರು ಒಂಬತ್ತು ಸೆಕೆಂಡು ಕಾದರು. ಅತ್ತೆಯ ಮುಖ ಅರಳಿತು. ಆಮೇಲೆ ನೋಡಿದರೆ, ಟೀಚರು ಮೇಜಿನ ಕೆಳಗೆ ಮೆಸೇಜು ಬರೆಯುತ್ತಿದ್ದರು.

"ಅತ್ತಿ, ಅರ್ಧ ಅಂಕ ಕೊಡೋಣೇನು?"

"ಮೊಬೈಲಿಗೆ ಕೊಡು."

ನಾಲ್ಕನೆಯ ಶಾಲೆಗೆ ಅನ್ಯಾಯವಾಯಿತು ಎಂದು ಇಂದಿಗೂ ನನ್ನ ಅಭಿಪ್ರಾಯ. ಅಲ್ಲಿನ ಹಿರಿಯ ಶಿಕ್ಷಕರು ಶಾಂತವಾಗಿ ಕಾಯುತ್ತಿದ್ದರು. ಆರನೆಯ ಸೆಕೆಂಡಿಗೆ ಅತ್ತೆಯ ಕೈಯಲ್ಲೇ ತಡೆಯಲಾಗಲಿಲ್ಲ. ವಾಕ್ಯ ಮುಗಿಸಿ, ಭೋರ್ ಊರಿನ ನೆಂಟರ ಮದುವೆಯಲ್ಲಿ ಉಪ್ಪಿಟ್ಟು ಸಾಲದೆ ಹೋದ ಕಥೆಯನ್ನೂ ಮುಗಿಸಿ ಎದ್ದರು. ನಾನು "ಪರೀಕ್ಷಕರ ಲೋಪ" ಎಂದು ಬರೆದುಕೊಂಡೆ. ಅತ್ತೆ ಇಣುಕಿ ನೋಡಿ, "ಅದನ್ನ ಹೊಡದ್ಹಾಕು. ಫೇಲ್ ಅಂತ ಬರಿ" ಎಂದರು.

ಐದನೆಯ ಶಾಲೆಗೆ ಹೊರಟ ದಿನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾಗಿ ಹುಡುಗಿಯೂ ನಮ್ಮ ಜೊತೆ ಬಂದಳು. ಎತ್ತರದ ಟೀಚರೊಬ್ಬರು ಬಣ್ಣದ ಕಾಗದ ಕತ್ತರಿಸುತ್ತ ಕೂತಿದ್ದರು. "ನಮ್ಮ ಮೊಮ್ಮಗಳು ಅದಾಳ್ರಿ, ಆಕಿಗೆ..." ಎಂದು ಅತ್ತೆ ನಿಲ್ಲಿಸಿದರು. ಟೀಚರು ಕತ್ತರಿ ಕೆಳಗಿಟ್ಟು ಅತ್ತೆಯ ಮುಖ ನೋಡುತ್ತ ಕೂತರು. ಹತ್ತು ಸೆಕೆಂಡು. ಹದಿನೈದು. ನನ್ನ ಮುಂಗೈಗೆ ರಕ್ತ ಹರಿಯುವುದು ನಿಂತಿತ್ತು. ಇಪ್ಪತ್ತೆರಡಕ್ಕೆ ಅತ್ತೆ ಉಸಿರು ಬಿಟ್ಟರು.

"ಸಾಕ್ರಿ ಟೀಚರ್, ನೀವು ಪಾಸ್." ಸಂತೋಷಕ್ಕೆ ಅತ್ತೆಗೆ ಮರಾಠಿ ಮರೆತುಹೋಗಿತ್ತು.

"ಯಾವ ಪರೀಕ್ಷಾದಾಗ್ರಿ?" ಎಂದರು ಟೀಚರು, ಕನ್ನಡದಲ್ಲೇ. ಅಕ್ಕಲಕೋಟದ ಕಡೆಯವರಂತೆ.

ಅತ್ತೆ ಎಲ್ಲವನ್ನೂ ಹೇಳಿದರು. ಟೀಚರು ನಗಲಿಲ್ಲ. ಎದ್ದು ಬಂದು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಾರ ಜೋಡಿ ಬಂದಿ ಪುಟ್ಟಿ?" ಎಂದು ಕೇಳಿದರು.

ಹುಡುಗಿ ಬಾಯಿ ತೆರೆದಳು. ತಿಂಗಳುಗಟ್ಟಲೆ ಆದ ಮೇಲೆ, ಹೊರಗಿನವರ ಮುಂದೆ. ಮಾತು ಸಿಕ್ಕಿಕೊಂಡಿತು. ಅಭ್ಯಾಸಬಲದಿಂದ ನಾನು ಮೊಬೈಲು ಒತ್ತಿದೆ. ಒಂದು, ಎರಡು, ಮೂರು...

"ಅಜ್ಜಿ ಜೋಡಿ ಬಂದೀನಿ ಅಂತಾಳ್ರಿ" ಎಂದರು ಅತ್ತೆ.

ಟೀಚರು ತಿರುಗಿಯೂ ನೋಡದೆ ಮೆಲ್ಲಗೆ ಹೇಳಿದರು: "ಅಜ್ಜಿ, ನಿಮ್ಮನ್ನ ನಮ್ಮ ಸಾಲಿಗೆ ತಗೊಳ್ಳಾಕ ಆಗೂದಿಲ್ರಿ."

ನನಗೆ ನಗು ಬಂತು. ಅತ್ತೆಯ ಮುಖ ನೋಡಿ ಅಲ್ಲಿಗೇ ನಿಂತಿತು. ಮನೆಯಲ್ಲಿ ಆ ಹುಡುಗಿಯ ವಾಕ್ಯಗಳನ್ನು ದಿನಾ ಮುಗಿಸುತ್ತಿದ್ದವರು ಯಾರು? ಅತ್ತೆ. ಅವರು ಇಲ್ಲದಾಗ ನಾನು. ಅವಳಿಗೆ ಕಷ್ಟವಾಗದಿರಲಿ ಎಂದು, ಅಕ್ಕರೆಯಿಂದಲೇ. ಎರಡು ಸೆಕೆಂಡನ್ನೂ ನಾವು ಕೊಟ್ಟಿರಲಿಲ್ಲ.

ಅತ್ತೆ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡರು. ನಾನು ಮೊಬೈಲನ್ನು ಚೀಲಕ್ಕೆ ಹಾಕಿದೆ. ಎಷ್ಟು ಹೊತ್ತಾಯಿತೋ, ಅದಕ್ಕೆ ಲೆಕ್ಕವಿಲ್ಲ. ಹುಡುಗಿ ಅಜ್ಜಿಯನ್ನೊಮ್ಮೆ ನೋಡಿದಳು, ಟೀಚರನ್ನೊಮ್ಮೆ ನೋಡಿದಳು.

"ನಾ... ನಾ ಅ... ಅಜ್ಜೀನ್ನ ಕ... ಕರಕೊಂಡ ಬಂದೀನಿ."

ಕಣ್ಣು ಒರೆಸಿಕೊಳ್ಳುವುದಕ್ಕೂ ಅತ್ತೆಗೆ ಅದೇ ಸೆರಗು ಬೇಕಾಗಿತ್ತು. ಆದರೂ ಅವರು ಅದನ್ನು ಬಾಯಿಂದ ತೆಗೆಯಲಿಲ್ಲ, ವಾಕ್ಯ ಇನ್ನೂ ಉಳಿದಿದೆಯೇನೋ ಎಂದು.